ಹೂಟರ್ ಬಕೆಟ್ ನೀರಲ್ಲಿ ಸಿಕ್ತು! ಅಲಾರಂ ಇದ್ದೂ ಕಳ್ಳತನ, ತಪ್ಪಿದ್ದೆಲ್ಲಿ?

ಬೆಟ್ಟದ_ತಪ್ಪಲು
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದ್ಕೊಂಡು ಹೋಗ್ತಿದ್ದೆ, ಈಗ ನನ್ನದೇ ಕಥೆ ಬರೆಯೋ ಹಂಗಾಯ್ತು.

ಮೈಸೂರಲ್ಲಿ ಚಾಮುಂಡಿ ಬೆಟ್ಟದ ಪಾದದ ಕಡೆ ಅಪ್ಪ ಅಮ್ಮ ಇರೋ ಮನೆ. ಹೋದ ವಾರ ಇಬ್ಬರೂ ತಂಗಿ ಮಗುವಿನ ನಾಮಕರಣಕ್ಕೆ ಅಂತ ಹಾಸನಕ್ಕೆ ಹೋಗಿದ್ರು. ಎರಡು ರಾತ್ರಿ ಮನೆಗೆ ಬೀಗ. ವಾಪಸ್ ಬಂದು ನೋಡಿದ್ರೆ ಹಿತ್ತಿಲ ಬಾಗಿಲಿನ ಚಿಲಕ ಮೀಟಿ ಒಳಗೆ ನುಗ್ಗಿದ್ದಾರೆ. ದೇವರ ಮನೆಯ ಬೆಳ್ಳಿ ದೀಪ, ಹರಿವಾಣ, ಬೀರುವಿನಲ್ಲಿದ್ದ ಒಂದಿಷ್ಟು ದುಡ್ಡು ಹೋಯ್ತು. ಚಿನ್ನ ಬ್ಯಾಂಕ್ ಲಾಕರಲ್ಲಿತ್ತು, ಬಚಾವ್.

ನನ್ನ ತಲೆ ಕೆಟ್ಟಿರೋದು ಬೆಳ್ಳಿಗಲ್ಲ. ಮನೇಲಿ ವೈರ್ಡ್ ಅಲಾರಂ ಇದೆ, ಆರು ವರ್ಷದ ಹಿಂದೆ ಹಾಕಿಸಿದ್ದು. ಎರಡೂ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್, ಹಾಲ್‌ನಲ್ಲಿ ಮತ್ತು ಊಟದ ಮನೇಲಿ ಒಂದೊಂದು ಮೋಷನ್ ಸೆನ್ಸರ್, ಹೊರಗೋಡೆಗೆ ಜೋರಾಗಿ ಅರಚೋ ಹೂಟರ್, ನಮಗೆ ಫೋನ್ ಮಾಡೋಕೆ ಸಿಮ್ ಹಾಕೋ ಡಯಲರ್. ಹೊರಡುವಾಗ ಅಪ್ಪ ಆನ್ ಮಾಡೇ ಹೋಗಿದ್ದಾರೆ. ಆದ್ರೂ ಅದು ಕುಂಯ್ ಅನ್ನಲಿಲ್ಲ.

ಮೀಟರ್ ಬೋರ್ಡಿನ ಎರಡೂ ಕಿಟ್‌ಕ್ಯಾಟ್ ಫ್ಯೂಸ್ ಕಿತ್ತು ಕಾಂಪೌಂಡ್ ಗೋಡೆ ಮೇಲೆ ಜೋಡಿಸಿಟ್ಟಿದ್ದರು, ಬಂದ ಮೇಲೆ ಹಾಕ್ಕೊಳ್ಳಲಿ ಅಂತಲೋ ಏನೋ. ಹೂಟರ್ ಗೋಡೆ ಮೇಲಿರಲಿಲ್ಲ. ಒಗೆಯೋ ಕಲ್ಲಿನ ಪಕ್ಕ ಬಕೆಟ್‌ನಲ್ಲಿ ಮುಳುಗಿಸಿಟ್ಟಿದ್ದರು, ಮೇಲೊಂದು ಒದ್ದೆ ಗೋಣಿಚೀಲ. ಬಕೆಟ್ಟೂ ನಮ್ಮದೇ, ಚೀಲವೂ ನಮ್ಮದೇ.

ಹಾಕಿಕೊಟ್ಟವರಿಗೆ ಫೋನ್ ಮಾಡಿದ್ರೆ "ಕರೆಂಟ್ ತೆಗೆದ್ರೆ ನಾವೇನ್ ಮಾಡೋಕಾಗುತ್ತೆ ಸಾರ್" ಅಂತಾರೆ. ಹಂಗಾದ್ರೆ ಕಳ್ಳ ಕೈ ಹಾಕಿದ ಕೂಡಲೇ ಅರಚೋ ಅಲಾರಂ ಅನ್ನೋದೇ ಇಲ್ವಾ? ಗೊತ್ತಿರೋರು ಹೇಳಿ.

ಸಂಶಯಪಿಶಾಚಿ
ಒಳಗಿನವರ ಕೈವಾಡ. ಹೂಟರ್ ಎಲ್ಲಿದೆ, ಬಕೆಟ್ ಎಲ್ಲಿದೆ ಎಲ್ಲಾ ಗೊತ್ತಿರೋರು. ಮನೆ ಕೆಲಸದವರನ್ನ ವಿಚಾರಿಸಿ.

ಬೆಟ್ಟದ_ತಪ್ಪಲು
@ಸಂಶಯಪಿಶಾಚಿ ಆಯಮ್ಮ 18 ವರ್ಷದಿಂದ ಬರ್ತಿದ್ದಾರೆ. ವಿಷಯ ಕೇಳಿ ನಮಗಿಂತ ಹೆಚ್ಚು ಅತ್ತಿದ್ದು ಅವರೇ. ದಯವಿಟ್ಟು ಆ ದಾರಿ ಬೇಡ.

ಮಾಜಿ_ಹೆಡ್‌ಕಾನ್‌ಸ್ಟೇಬಲ್
ಹೂಟರ್ ಎಲ್ಲಿದೆ ಅಂತ ತಿಳಿಯೋಕೆ ಒಳಗಿನವರೇ ಬೇಕಾ? ಕೆಂಪು ಡಬ್ಬ ರಸ್ತೆಗೇ ಕಾಣುತ್ತೆ. ಬಕೆಟ್ ಇಲ್ಲದ ಹಿತ್ತಿಲು ಯಾವುದಿದೆ?

31 ವರ್ಷ ಸರ್ವೀಸ್ ಮಾಡಿದ್ದೀನಿ. ಕಳ್ಳರು ಮೊದಲು ನೋಡೋದು ಬಾಗಿಲ ಮುಂದಿನ ರಂಗೋಲಿ. ನಿನ್ನೆಯ ರಂಗೋಲಿ ಅಳಿಸಿಲ್ಲ, ಇವತ್ತಿನದು ಹಾಕಿಲ್ಲ, ಪೇಪರ್ ಗೇಟ್ ಒಳಗೇ ಬಿದ್ದಿದೆ, ಗೇಟಿಗೆ ಹೊರಗಿಂದ ಬೀಗ ನೇತಾಡ್ತಿದೆ ಅಂದ್ರೆ ಅಷ್ಟೇ ಸಾಕು ಅವರಿಗೆ. ಊರಿಗೆ ಹೋಗುವಾಗ ಠಾಣೆಗೆ ಒಂದು ಮಾತು ತಿಳಿಸಿ, ಬೀಟ್‌ನವರು ರಾತ್ರಿ ಒಂದು ಸುತ್ತು ಜಾಸ್ತಿ ಬರ್ತಾರೆ. ನಾಚಿಕೆ ಏನೂ ಬೇಡ, ನಾವೇ ಪ್ರತಿ ಬೇಸಿಗೆ ರಜದಲ್ಲಿ ಮೈಕ್‌ನಲ್ಲಿ ಕೂಗಿಕೊಂಡು ಹೇಳ್ತಿದ್ವಿ.

ಬಕೆಟ್, ಫ್ಯೂಸ್ ಮುಟ್ಟಿಲ್ಲ ತಾನೆ? ಬೆರಳಚ್ಚಿನವರು ಬರೋವರೆಗೂ ಮುಟ್ಟಬಾರದು. ಎಫ್‌ಐಆರ್ ಪ್ರತಿ ದುಡ್ಡು ಕೊಡದೆ ಸಿಗುತ್ತೆ, ಕೇಳಿ ಇಸ್ಕೊಳ್ಳಿ. ಮೊದಲಾಗಿದ್ರೆ ಐಪಿಸಿ 457, 380 ಅಂತ ಹಾಕ್ತಿದ್ವಿ. 2024ರ ಜುಲೈಯಿಂದ ಬಿಎನ್‌ಎಸ್, ಅಂದ್ರೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಈಗ 331 ಮತ್ತೆ 305.

ಬೆಟ್ಟದ_ತಪ್ಪಲು
ಸಾರ್, ಬಕೆಟ್ ಮುಟ್ಟಲಿಲ್ಲ. ಫ್ಯೂಸ್ ಅಪ್ಪ ಬಂದ ಕೂಡಲೇ ಸಿಕ್ಕಿಸಿಬಿಟ್ಟಿದ್ರು, ಫ್ಯಾನ್ ಬೇಕಿತ್ತಂತೆ 😑

ವೈರಿಂಗ್_ಮೇಷ್ಟ್ರು
ನಾನು ಈ ಕೆಲಸ ಮಾಡೋನೇ, ಅಲಾರಂ ವೈರಿಂಗ್ 22 ವರ್ಷದಿಂದ. ಕರೆಂಟ್ ತೆಗೆದ್ರೆ ನಾವೇನ್ ಮಾಡೋಕಾಗುತ್ತೆ ಅಂದೋನು ಈ ಕೆಲಸಕ್ಕೆ ಲಾಯಕ್ಕಿಲ್ಲ. ಕರೆಂಟ್ ತೆಗೀತಾರೆ ಅಂತಾನೇ ಪ್ಯಾನೆಲ್, ಅಂದ್ರೆ ಎಲ್ಲಾ ವೈರ್ ಬಂದು ಸೇರೋ ಮುಖ್ಯ ಡಬ್ಬದ ಒಳಗೆ ಬ್ಯಾಟರಿ ಇಡೋದು.

ತಮ್ಮಾ, ಕೆಲವು ನೋಡ್ಕೊಂಡು ಹೇಳು. ಪ್ಯಾನೆಲ್ ಡಬ್ಬ ತೆಗೆದ್ರೆ ಒಳಗೆ ಇಟ್ಟಿಗೆ ಥರದ ಬ್ಯಾಟರಿ ಇರುತ್ತೆ, 12 ವೋಲ್ಟ್ 7 ಎಎಚ್ ಅಂತ ಬರೆದಿರುತ್ತೆ. ಅದರ ಮೇಲೆ ತಾರೀಖೇನು? ಹೂಟರ್‌ಗೆ ಎಷ್ಟು ವೈರ್ ಹೋಗಿದೆ, ಎರಡಾ ನಾಲ್ಕಾ? ಹೂಟರ್ ಒಳಗೆ ಅದರದ್ದೇ ಪುಟ್ಟ ಬ್ಯಾಟರಿ ಇದೆಯಾ? ಟ್ಯಾಂಪರ್ (ಯಾರಾದ್ರೂ ಬಿಚ್ಚಿದ್ರೆ, ಕಿತ್ರೆ ತಿಳಿಸೋದು) ಅಂತ ಬರೆದಿರೋ ಟರ್ಮಿನಲ್‌ಗೆ ಏನು ಬಂದಿದೆ? ರೆಸಿಸ್ಟರ್‌ಗಳು, ಅಂದ್ರೆ ಕರೆಂಟ್ ತಡೆಯೋ ಪುಟ್ಟ ಭಾಗಗಳು ಎಲ್ಲಿವೆ, ಸೆನ್ಸರ್ ಹತ್ತಿರನಾ ಪ್ಯಾನೆಲ್ ಒಳಗಾ? ತೆರೆಯೋ ಮುಂಚೆ ಮೇನ್ ಆಫ್ ಮಾಡು. ಆಮೇಲೆ ಫೋಟೋ ಹಾಕು.

ಟೆಕ್ಕಿ_ಬೆಳ್ಳಂದೂರು
ಈ ಕಾಲದಲ್ಲೂ ವೈರಾ ಗುರು? ನಾಲ್ಕು ವೈಫೈ ಕ್ಯಾಮೆರಾ, ವೈಫೈ ಡೋರ್ ಸೆನ್ಸರ್. ಆ್ಯಪ್‌ನಲ್ಲಿ ಎಲ್ಲಾ ಕಾಣುತ್ತೆ. ಕತ್ತರಿಸೋಕೆ ವೈರೇ ಇಲ್ಲ!

ಎಂಬೆಡೆಡ್_ಎಮ್ಮೆ
@ಟೆಕ್ಕಿ_ಬೆಳ್ಳಂದೂರು ಫ್ಯೂಸ್ ಕಿತ್ತ ಮೇಲೆ ರೂಟರ್ ಯಾವುದರಲ್ಲಿ ಓಡುತ್ತೆ? ಪ್ರಸಾದದಲ್ಲಾ?

ಟೆಕ್ಕಿ_ಬೆಳ್ಳಂದೂರು
ಇನ್ವರ್ಟರ್ ಇರುತ್ತಲ್ಲ. ನಿನಗೆ ಭಯ ಇದ್ರೆ ಸಿಗ್ನಲ್ ತಡೆಯೋ ಜಾಮರ್ ಬಗ್ಗೆ ಮಾತಾಡು, ಅದು ನಿಜವಾದ ಪ್ರಾಬ್ಲಂ. ಯೂಟ್ಯೂಬ್ ತುಂಬಾ ಅದೇ.

ಎಂಬೆಡೆಡ್_ಎಮ್ಮೆ
ನಾನು ರೇಡಿಯೋ ಬೋರ್ಡ್‌ಗಳಲ್ಲೇ ಹೊಟ್ಟೆ ಹೊರೆಯೋನು, ಹೇಳ್ತೀನಿ ಕೇಳು. ಸರ್ಕಾರದ ಅನುಮತಿ ಇಲ್ಲದೆ ಜಾಮರ್ ಇಟ್ಕೊಳ್ಳೋದೇ ನಮ್ಮ ದೇಶದಲ್ಲಿ ಕಾನೂನುಬಾಹಿರ, ಆದ್ರೆ ಕಳ್ಳನಿಗೆ ಕಾನೂನು ಹೇಳಿ ಪ್ರಯೋಜನ ಇಲ್ಲ ಅನ್ನೋದು ಒಪ್ಪಿದೆ. ಆದರೂ ಹಾರೆಯಲ್ಲಿ ಚಿಲಕ ಮೀಟೋನಿಗೆ ಜಾಮರ್ ಯಾಕೆ ಬೇಕು? ಫ್ಯೂಸೇ ಅವನ ಜಾಮರ್. ಒಂದು ಸೆಕೆಂಡ್ ಕೆಲಸ, ಖರ್ಚಿಲ್ಲ.

ವೈರ್‌ಲೆಸ್ ಬೇಡ ಅಂತ ನಾನು ಹೇಳಲ್ಲ, ಅದರಲ್ಲಿ ಎರಡು ಜಾತಿ. ಸಂತೇಲಿ ಸಿಗೋ ಅಗ್ಗದ ಸೆಟ್‌ಗಳು 433 ಮೆಗಾಹರ್ಟ್ಸ್, ಒಂದೇ ದಿಕ್ಕಿನವು. ಬಾಗಿಲು ತೆಗೆದಾಗ ಸೆನ್ಸರ್ ಒಂದ್ಸಲ ಕೂಗುತ್ತೆ. ಪ್ಯಾನೆಲ್‌ಗೆ ಕೇಳಿಸ್ತೋ ಇಲ್ವೋ ಅದಕ್ಕೆ ಗೊತ್ತಿಲ್ಲ. ಸೆನ್ಸರ್ ಶೆಲ್ ಸತ್ತು ಆರು ತಿಂಗಳಾಗಿದ್ರೂ ಪ್ಯಾನೆಲ್ ಹಸಿರು ಲೈಟ್ ಹಾಕ್ಕೊಂಡು ಕೂತಿರುತ್ತೆ. ರಿಮೋಟ್ ಕೋಡ್ ಕೂಡ ಯಾವಾಗಲೂ ಅದೇ, ಬದಲಾಗಲ್ಲ. ಒಳ್ಳೆ ಸೆಟ್‌ಗಳಲ್ಲಿ ಸೆನ್ಸರ್ ಆಗಾಗ "ಇದ್ದೀನಿ" ಅಂತ ಹಾಜರಿ ಹಾಕುತ್ತೆ. ಹಾಜರಿ ತಪ್ಪಿದ್ರೆ, ಇಲ್ಲಾ ಗಾಳಿಯಲ್ಲಿ ಗದ್ದಲ ಜಾಸ್ತಿ ಆದ್ರೆ ಪ್ಯಾನೆಲ್ಲೇ ಬೊಬ್ಬೆ ಹಾಕುತ್ತೆ. ರಿಮೋಟ್ ಪ್ರತಿಸಲ ಹೊಸ ಕೋಡ್ ಕಳಿಸುತ್ತೆ. ಕೊಳ್ಳೋವಾಗ ಇದನ್ನ ಕೇಳಿ. ಅಂಗಡಿಯವನು ಹಾಜರಿ ಅಂದ್ರೇನು ಸಾರ್ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ.

ಮಾಜಿ_ಹೆಡ್‌ಕಾನ್‌ಸ್ಟೇಬಲ್
ಕ್ಯಾಮೆರಾ ಬಗ್ಗೆ ಒಂದು ಮಾತು. ಟಿವಿ ಕೆಳಗೇ ಡಿವಿಆರ್, ಅಂದ್ರೆ ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬ ಇಡ್ತಾರೆ, ನೀಲಿ ಲೈಟ್ ಮಿಣಮಿಣ. ಕಳ್ಳ ಹೋಗುವಾಗ ಅದನ್ನೂ ಬಗಲಲ್ಲಿ ಇಟ್ಕೊಂಡು ಹೋಗ್ತಾನೆ. ಆಮೇಲೆ ಮನೆಯೋರು ಠಾಣೆಗೆ ಬಂದು "ಎಲ್ಲಾ ರೆಕಾರ್ಡ್ ಆಗಿದೆ ಸಾರ್" ಅಂತಾರೆ. ಎಲ್ಲಪ್ಪಾ ರೆಕಾರ್ಡು? ಅಟ್ಟದ ಮೇಲಿಡಿ, ಬೀಗ ಹಾಕಿ.

ಧಾರವಾಡ_ಫೇಡಾ
ನಮ್ಮನಿ ಕಥಿ ಕೇಳ್ರಿ. ಹೋದ ವರ್ಷ ರಾತ್ರಿ ಎರಡೂವರಿಗೆ ಅಲಾರಂ ಹೊಯ್ಕೊಳ್ಳಾಕ ಹತ್ತಿತು. ನಮ್ಮ ಮಾವನವರು ಬಡಿಗಿ ಹಿಡ್ಕೊಂಡು ಮುಂದ, ನಾ ಹಿಂದ. ಯಾರೂ ಇಲ್ಲ. ಮರುದಿನಾನೂ ಅದ ಹೊತ್ತಿಗೆ ಅದ ಕಥಿ. ಮೂರನೇ ದಿನ ನೋಡ್ತೀವಿ, ಸೆನ್ಸರ್ ಮ್ಯಾಲೆ ದೊಡ್ಡದೊಂದು ಹಲ್ಲಿ ಕುಂತೈತಿ! ಕಣ್ಣಿನ ಮುಂದ ಅದು ಬಾಲ ಅಲ್ಲಾಡಿಸಿದ್ರ ಸೆನ್ಸರಿಗೆ ಆನಿ ಬಂದಂಗ ಕಾಣತೈತಿ ಅಂತ. ನಮ್ಮತ್ತಿ ಮಾತ್ರ "ಹಲ್ಲಿ ಲೊಚಗುಟ್ಟಿದ್ರ ಖರೇ ಇರತೈತಿ, ಕಳ್ಳ ಬಂದಿದ್ದಾ ಹೌದು" ಅಂತ ಕೃಷ್ಣ ಕೃಷ್ಣ ಅಂದ್ರು.

ವೈರಿಂಗ್_ಮೇಷ್ಟ್ರು
😂 ವೈರ್ ಬರೋ ತೂತಿಗೆ ಸಿಲಿಕೋನ್ ಮೆತ್ತಿ ಅಕ್ಕಾ. ಇರುವೆ, ಜಿರಲೆ ಎಲ್ಲಾ ಅಲ್ಲಿಂದಾನೇ ಒಳಗೆ ಹೋಗೋದು, ಅದನ್ನ ಹಿಡಿಯೋಕೆ ಹಲ್ಲಿ ಬರೋದು. ಇಷ್ಟಕ್ಕೆಲ್ಲ ಜನ ಸೆನ್ಸರ್‌ನೇ ಬಂದ್ ಮಾಡಿಬಿಡ್ತಾರೆ, ಅದು ಬೇಜಾರು.

ಕುಡ್ಲದ_ಮೀನು
ನಮ್ಮಲ್ಲಿ ಹಲ್ಲಿ ಅಲ್ಲ ಮಾರಾಯ್ರೆ, ಮಳೆ. ಹೂಟರ್ ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ಸಣ್ಣ ಸ್ವಿಚ್ ಉಂಟಲ್ಲ, ಕಿತ್ತರೆ ಕೂಗ್ಲಿ ಅಂತ ಇಟ್ಟದ್ದು, ಅದರ ಸ್ಪ್ರಿಂಗ್ ಎರಡೇ ಮಳೆಗಾಲಕ್ಕೆ ತುಕ್ಕು. ಉಪ್ಪುಗಾಳಿ ಬೇರೆ. ಜುಲೈ ತಿಂಗಳಲ್ಲಿ ದಿನಕ್ಕೊಂದು ಸಲ ಸುಳ್ಳು ಕೂಗು. ಮೇಲೊಂದು ತಗಡಿನ ಮಾಡು ಹೊಡೆಸಿ, ವೈರನ್ನು ಕೆಳಗೆ ಇಳಿಸಿ ಮೇಲೆ ತಂದು ಒಳಗೆ ಹಾಕಿಸಿದ ಮೇಲೆ ಸರಿಯಾಯ್ತು. ವೈರ್ ನೇರ ಮೇಲಿಂದ ಬಂದ್ರೆ ನೀರು ಅದರ ಮೇಲೇ ಜಾರಿ ಡಬ್ಬಿ ಒಳಗೆ ಹೋಗುದು. ನಿಮ್ಮದೂ ಅದೇ ಇರ್ಬೇಕು ನೋಡಿ.

ಬೆಟ್ಟದ_ತಪ್ಪಲು
ಮೇಷ್ಟ್ರೇ, ಶನಿವಾರ ಮೈಸೂರಿಗೆ ಹೋಗಿ ಎಲ್ಲಾ ಬಿಚ್ಚಿ ನೋಡಿದೆ. ಬೆರಳಚ್ಚಿನವರು ಆಗಲೇ ಬಂದು ಹೋಗಿದ್ದಾರೆ.

ಬ್ಯಾಟರಿ: ಹಾಕಿದಾಗಿಂದ ಅದೇ. ಹೊಟ್ಟೆ ಉಬ್ಬಿ ಡಬ್ಬದಿಂದ ಹೊರಗೆ ಬರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದೆ. ಮೀಟರ್ ಇಟ್ರೆ 4 ವೋಲ್ಟ್.

ಹೂಟರ್: ಒಣಗಿಸಿ ಬಿಚ್ಚಿದೆ. ನಾಲ್ಕು ವೈರ್ ಬಂದಿದೆ. ಒಳಗೆ ಪುಟ್ಟ ಬ್ಯಾಟರಿಗೆ ಜಾಗ ಇದೆ, ಕನೆಕ್ಟರ್ ನೇತಾಡ್ತಿದೆ, ಬ್ಯಾಟರಿ ಇಲ್ಲ. ಕಳ್ಳ ತೆಗೆದಿದ್ದಲ್ಲ, ಕನೆಕ್ಟರ್ ಮೇಲೆ ಹಳೇ ಇನ್ಸುಲೇಷನ್ ಟೇಪ್ ಸುತ್ತಿದೆ.

ಟ್ಯಾಂಪರ್: ಹೂಟರಿಂದ ಬಂದ ಎರಡು ವೈರನ್ನ ಪ್ಯಾನೆಲ್‌ನಲ್ಲಿ ಬಿಚ್ಚಿ ಮಡಚಿಟ್ಟಿದ್ದಾರೆ. ಟ್ಯಾಂಪರ್ ಟರ್ಮಿನಲ್ ಎರಡಕ್ಕೂ ಸೇರಿಸಿ ಒಂದಿಂಚು ಕೆಂಪು ವೈರ್ ಸಿಕ್ಕಿಸಿದ್ದಾರೆ.

ರೆಸಿಸ್ಟರ್: ಎಲ್ಲಾ ಪ್ಯಾನೆಲ್ ಒಳಗೇ, ಟರ್ಮಿನಲ್‌ಗೆ ತಿರುಚಿ ಹಾಕಿದ್ದಾರೆ.

ಸಿಮ್: ನನ್ನ ಫೋನಿಗೆ ಹಾಕಿ ನೋಡಿದೆ. ಸತ್ತಿದೆ. ಕೊನೆ ರೀಚಾರ್ಜ್ ಯಾವಾಗ ಮಾಡಿಸಿದ್ದು ಅಂತ ಯಾರಿಗೂ ನೆನಪಿಲ್ಲ.

ಅಲಾರಂ ಸರ್ವೀಸ್‌ಗೆ ಬರೋ ಹುಡುಗನನ್ನ ಉಗಿಯೋಣ ಅಂತ ಫೋನ್ ಎತ್ತಿದೆ, ಪಕ್ಕದಲ್ಲಿದ್ದ ಅಪ್ಪ ಕೆಮ್ಮಿದ್ರು. "ಅದು ನಾನೇ ಮಾಡ್ಸಿದ್ದು ಕಣೋ" ಅಂದ್ರು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ರಾತ್ರಿ ಹೊತ್ತು ಹೂಟರ್ ಸುಮ್ಮಸುಮ್ಮನೆ ಅರಚ್ತಿತ್ತಂತೆ. ಎದುರು ಮನೆಯಲ್ಲಿ ಹಸುಗೂಸು, ಅವರು ಬಂದು ಹೇಳಿದ್ದಾರೆ. ಸರ್ವೀಸ್‌ಗೆ ಬಂದ ಹುಡುಗನಿಗೆ "ಹೆಂಗಾದ್ರೂ ಮಾಡಿ ಬಾಯಿ ಮುಚ್ಚಿಸಪ್ಪಾ" ಅಂದಿದ್ದಾರೆ. ಅವನು ಮುಚ್ಚಿಸಿದ್ದಾನೆ.

ಟೆಕ್ಕಿ_ಬೆಳ್ಳಂದೂರು
ಅಂಕಲ್ ರಾಕ್ಡ್ 🔥

ಸಂಶಯಪಿಶಾಚಿ
ನಾನು ಆಗಲೇ ಹೇಳಿದ್ನಲ್ಲ, ಒಳಗಿನವರ ಕೈವಾಡ ಅಂತ.

ಧಾರವಾಡ_ಫೇಡಾ
@ಸಂಶಯಪಿಶಾಚಿ ಹೌದ್ರಿ, ಈ ಸಲ ನೀವು ಗೆದ್ರಿ 😂

ಕುಡ್ಲದ_ಮೀನು
ಹೇಳಿದ್ದಲ್ಲ ನಾನು, ಸ್ಪ್ರಿಂಗ್ ತುಕ್ಕು!

ವೈರಿಂಗ್_ಮೇಷ್ಟ್ರು
ಮೀನಣ್ಣ, ಮೈಸೂರಲ್ಲಿ ನಿಮ್ಮಷ್ಟು ಮಳೆ ಎಲ್ಲಿ? ತಮ್ಮಾ, ಅಪ್ಪನ್ನ ಒಂದೇ ಒಂದು ಕೇಳು. ಹೂಟರ್ ಅರಚ್ತಿದ್ದದ್ದು ಕರೆಂಟ್ ಇದ್ದ ರಾತ್ರಿನಾ, ಹೋದ ರಾತ್ರಿನಾ?

ಬೆಟ್ಟದ_ತಪ್ಪಲು
ಕೇಳಿದೆ. "ಕರೆಂಟ್ ಹೋದಾಗಲೇ, ಅರ್ಧ ಗಂಟೆ ಆದ್ಮೇಲೆ ಶುರು ಆಗ್ತಿತ್ತು. ಟಾರ್ಚ್ ಹಿಡ್ಕೊಂಡು ಏಣಿ ಹತ್ತಿದ್ದು ನೆನಪಿದೆ" ಅಂತಾರೆ.

ವೈರಿಂಗ್_ಮೇಷ್ಟ್ರು
ಅಲ್ಲಿಗೆ ಸಿಕ್ತು ನೋಡು. ಬಿಡಿಸಿ ಹೇಳ್ತೀನಿ, ಉದ್ದ ಆಗುತ್ತೆ.

ಒಳ್ಳೆ ಹೂಟರ್‌ಗೆ ಅದರದ್ದೇ ಬ್ಯಾಟರಿ ಇರುತ್ತೆ. ಪ್ಯಾನೆಲ್‌ನಿಂದ ಸದಾ 12 ವೋಲ್ಟ್ ಬರ್ತಿರೋವರೆಗೂ ಅದು ಸುಮ್ಮನಿರುತ್ತೆ. ಯಾರಾದ್ರೂ ವೈರ್ ಕತ್ತರಿಸಿದ್ರೋ, ಆ 12 ವೋಲ್ಟ್ ನಿಂತೋಯ್ತು, ತಕ್ಷಣ ತನ್ನ ಬ್ಯಾಟರಿಯಲ್ಲೇ ಅರಚೋಕೆ ಶುರು ಮಾಡುತ್ತೆ. ವೈರ್ ಕತ್ತರಿಸಿ ಬಾಯಿ ಮುಚ್ಚಿಸೋಕೆ ಹೋದ್ರೆ ಬಾಯಿ ಬಿಡೋ ಥರ ಕಟ್ಟಿರೋದು ಅದನ್ನ. ನಿಮ್ಮ ಮನೇಲಿದ್ದದ್ದು ಅಂಥದ್ದೇ ಹೂಟರ್, ಕೆಟ್ಟದ್ದಲ್ಲ.

ಈಗ ಕರೆಂಟ್ ಹೋಯ್ತು ಅನ್ಕೋ. ಪ್ಯಾನೆಲ್ ಬ್ಯಾಟರಿ ಹೂಟರ್‌ಗೆ 12 ವೋಲ್ಟ್ ಕೊಡ್ತಾ ಇರಬೇಕು. ನಿಮ್ಮ ಥರದ ಸೆಟ್ ಒಟ್ಟು 200 ಮಿಲಿ ಆಂಪ್ ಎಳೀತು ಅಂತ ಇಟ್ಕೊಂಡ್ರೂ ಹೊಸ 7 ಎಎಚ್ ಬ್ಯಾಟರಿ ಲೆಕ್ಕಕ್ಕೆ 35 ಗಂಟೆ, ನಿಜದಲ್ಲಿ ಒಂದು ದಿನವಂತೂ ಬರಬೇಕು. ನಿಮ್ಮಲ್ಲಿ ಅರ್ಧ ಗಂಟೆಗೇ ಮಲಗ್ತಿತ್ತು. ಅಂದ್ರೆ ಮೂರು ವರ್ಷಕ್ಕೇ ಅದರ ಆಯಸ್ಸು ಮುಗಿದಿತ್ತು, ಈ ಬ್ಯಾಟರಿಗಳ ಹಣೆಬರಹವೇ ಮೂರ್ನಾಲ್ಕು ವರ್ಷ. 12 ವೋಲ್ಟ್ ಇಳಿದ ಕೂಡಲೇ ಹೂಟರ್ "ಯಾರೋ ವೈರ್ ಕತ್ತರಿಸಿದ್ರು" ಅನ್ಕೊಂಡು ಅರಚಿದೆ.

ಸಾಯ್ತಿದ್ದದ್ದು ಪ್ಯಾನೆಲ್ ಬ್ಯಾಟರಿ, ಬೈಸ್ಕೊಂಡಿದ್ದು ಹೂಟರ್. ಆ ಹುಡುಗ ಒಂದು ಬ್ಯಾಟರಿ ಬದಲಾಯಿಸಿದ್ರೆ ಮುಗೀತಿತ್ತು. ಹೂಟರ್ ಬ್ಯಾಟರಿ ತೆಗೆದ, ಟ್ಯಾಂಪರ್‌ಗೆ ಆ ಕೆಂಪು ವೈರಿನ ಜಂಪರ್ ಹಾಕಿದ, ಸತ್ತ ಬ್ಯಾಟರಿಯನ್ನ ಮಾತ್ರ ಅಲ್ಲೇ ಬಿಟ್ಟ. ಆವತ್ತಿಂದ ನಿಮ್ಮ ಮನೇಲಿ ಅಲಾರಂ ಇರಲಿಲ್ಲ, ಅಲಾರಂ ಡಬ್ಬ ಇತ್ತು.

ಟ್ಯಾಂಪರ್ ಲೂಪ್ ಅಂದ್ರೆ 24 ಗಂಟೆಯದ್ದು. ಅಲಾರಂ ಆಫ್ ಇದ್ದಾಗಲೂ ಯಾರಾದ್ರೂ ಡಬ್ಬ ಬಿಚ್ಚಿದ್ರೆ, ಗೋಡೆಯಿಂದ ಕಿತ್ರೆ ಹೇಳಬೇಕು. ಅದಕ್ಕೆ ಜಂಪರ್ ಹಾಕೋದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ಗೇಟಲ್ಲಿ ನಿಲ್ಲಿಸಿದ ಹಾಗೆ.

ರೆಸಿಸ್ಟರ್ ವಿಷಯ ಇನ್ನೊಂದು ಅನ್ಯಾಯ. ಅದು ವೈರಿನ ಕೊನೇಲಿ, ಸೆನ್ಸರ್ ಡಬ್ಬಿ ಒಳಗೇ ಇರಬೇಕು. ನಿಮ್ಮ ಪ್ಯಾನೆಲ್ 4.7 ಕಿಲೋ ಓಮ್‌ನದು ಅಂತ ಇಟ್ಕೊಳ್ಳೋಣ, ಎರಡು ರೆಸಿಸ್ಟರ್. ಎಲ್ಲಾ ಸರಿ ಇದ್ರೆ ಒಂದೇ ಲೆಕ್ಕಕ್ಕೆ ಬರುತ್ತೆ, ಪ್ಯಾನೆಲ್‌ಗೆ 4.7 ಕಾಣುತ್ತೆ. ಬಾಗಿಲು ತೆಗೆದ್ರೆ ಎರಡೂ ಸೇರಿ 9.4. ವೈರ್ ಕತ್ತರಿಸಿದ್ರೆ ದಾರಿಯೇ ಇಲ್ಲ. ಎರಡು ವೈರ್ ಸುಲಿದು ಸೇರಿಸಿದ್ರೆ ಸೊನ್ನೆ. ನಾಲ್ಕು ಸ್ಥಿತಿಗೆ ನಾಲ್ಕು ಬೇರೆ ಬೇರೆ ಲೆಕ್ಕ, ಪ್ಯಾನೆಲ್ ಮೋಸ ಹೋಗಲ್ಲ. ರೆಸಿಸ್ಟರನ್ನ ಪ್ಯಾನೆಲ್ ಒಳಗೇ ಸಿಕ್ಕಿಸಿದ್ರೆ ಆಚೆ 15 ಮೀಟರ್ ವೈರಲ್ಲಿ ಎಲ್ಲಿ ಶಾರ್ಟ್ ಮಾಡಿದ್ರೂ ಪ್ಯಾನೆಲ್ ಕಣ್ಣಿಗೆ "ಬಾಗಿಲು ಮುಚ್ಚಿದೆ". ಹಗಲಲ್ಲಿ ಪೇಂಟಿಂಗ್‌ಗೋ ಪ್ಲಂಬಿಂಗ್‌ಗೋ ಬಂದವನು ಹಾಗೆ ಮಾಡಿ ಹೋದ್ರೆ ನಿಮಗೆ ತಿಳಿಯೋದೇ ಇಲ್ಲ. ಒಂದೊಂದು ಸೆನ್ಸರ್ ಬಿಚ್ಚೋ ಸೋಮಾರಿತನಕ್ಕೆ ಎಲ್ಲಾ ಪ್ಯಾನೆಲ್‌ನಲ್ಲೇ ತುರುಕ್ತಾರೆ. ನಾನೂ ಕಲಿಯುವಾಗ ಹಾಗೇ ಮಾಡ್ತಿದ್ದೆ, ಗುರುಗಳು ತಲೆ ಮೇಲೆ ಮೊಟಕಿ ಬಿಚ್ಚಿಸಿದ್ರು.

ಎಂಬೆಡೆಡ್_ಎಮ್ಮೆ
ಮೇಷ್ಟ್ರಿಗೆ ನಮೋ. ಒಂದು ಅಡ್ಡಕಥೆ: 1853ರಲ್ಲಿ ಅಮೆರಿಕದ ಆಗಸ್ಟಸ್ ಪೋಪ್ ಅನ್ನೋ ಪಾದ್ರಿ ಎಲೆಕ್ಟ್ರಿಕ್ ಕಳ್ಳಗಂಟೆಗೆ ಪೇಟೆಂಟ್ ತಗೊಂಡ. ಬಾಗಿಲು ತೆಗೆದ್ರೆ ಸರ್ಕ್ಯೂಟ್ ಕೂಡಿಕೊಂಡು ಗಂಟೆ ಹೊಡೀತಿತ್ತು. ಹಾಗಾಗಿ ವೈರ್ ಕತ್ತರಿಸಿದ್ರೆ ಗಂಟೆ ಮೂಕ. 170 ವರ್ಷ ಆಯ್ತು, ನಮ್ಮಲ್ಲಿ ಎರಡು ವೈರಿನ ಅಗ್ಗದ ಹೂಟರ್ ಇನ್ನೂ ಅದೇ ಕಾಲದಲ್ಲಿದೆ.

ಲೀಡ್ಸ್_ಕನ್ನಡಿಗ
ಇಲ್ಲಿ ಇಂಗ್ಲೆಂಡಲ್ಲಿ ಪ್ರತಿ ಬೀದೀಲೂ ಮನೆ ನೆತ್ತಿಯಲ್ಲಿ ಇಂಥ ಡಬ್ಬ. ಗೋಡೆಯಿಂದ ಕಿತ್ರೂ, ಮುಚ್ಚಳ ಬಿಚ್ಚಿದ್ರೂ ಕೂಗಬೇಕು ಅನ್ನೋದು ಮಾಮೂಲಿ. ಇಎನ್ 50131 ಅಂತ ಯುರೋಪಿನ ಮಾನದಂಡ, ಒಂದರಿಂದ ನಾಲ್ಕು ದರ್ಜೆ, ಮನೆಗಳಿಗೆ ಸಾಮಾನ್ಯವಾಗಿ ಎರಡನೇದು. ಮೂರನೇ ದರ್ಜೆಗೆ ಮೋಷನ್ ಸೆನ್ಸರ್ ಮುಂದೆ ಯಾರಾದ್ರೂ ಏನಾದ್ರೂ ಅಡ್ಡ ಇಟ್ರೆ ಅದನ್ನೂ ಅದೇ ಹೇಳಬೇಕು. ಇಲ್ಲಿನ ಕಳ್ಳರು ಬಿರುಕು ಮುಚ್ಚೋ ಫೋಮ್ ತಂದು ಡಬ್ಬದೊಳಗೆ ಊದಿಬಿಡ್ತಾರೆ, ಅದನ್ನ ಪತ್ತೆ ಹಚ್ಚೋ ಡಬ್ಬಗಳೂ ಬಂದಿವೆ.

ಆದ್ರೆ ಒಂದು ಸತ್ಯ ಹೇಳ್ತೀನಿ. ಪಕ್ಕದ ಮನೆ ಅಲಾರಂ ಹೊಡ್ಕೊಂಡ್ರೆ ಇಲ್ಲಿ ಯಾರೂ ಕಿಟಕಿ ಪರದೆ ಕೂಡ ಸರಿಸಲ್ಲ. ಬರೀ ಸದ್ದು ಮಾಡೋ ಅಲಾರಂಗೆ ಪೊಲೀಸರೂ ಬರಲ್ಲ. 20 ನಿಮಿಷ ಆದ್ಮೇಲೆ ಅದೇ ಸುಸ್ತಾಗಿ ನಿಲ್ಲುತ್ತೆ.

ಮಾಜಿ_ಹೆಡ್‌ಕಾನ್‌ಸ್ಟೇಬಲ್
ನಮ್ಮಲ್ಲಿ 112ಕ್ಕೆ ಹೊಡೆದ್ರೆ ಗಾಡಿ ಬರುತ್ತಪ್ಪಾ. ಹೊಡೆಯೋರು ಬೇಕಷ್ಟೆ. ಎದುರು ಮನೆಯವರ ಹತ್ರ ಮೊದಲೇ ಮಾತಾಡಿಟ್ಟಿರಿ: ಕೂಗಿದ್ರೆ ನೀವು ಹೊರಗೆ ಬರೋದು ಬೇಡ, ಲೈಟ್ ಹಾಕಿ, 112ಕ್ಕೆ ಫೋನ್ ಮಾಡಿ ಅಂತ.

ಮನೆಮುಂದಿನ_ಮಲ್ಲಿಗೆ
ಯಾರೂ ಹೇಳದ ಒಂದು ವಿಷಯ ಹೇಳ್ಲಾ? ನಮ್ಮ ಮನೆ ಕೀಪ್ಯಾಡ್ ಅಡಿಗೆ ಮನೆ ಬಾಗಿಲ ಪಕ್ಕ ಇದೆ. ಒಂದಿನ ಮಗಳು "ಅಮ್ಮಾ, ನಿನ್ನ ಪಾಸ್‌ವರ್ಡ್ ನಾನು ಹೇಳ್ತೀನಿ" ಅಂದ್ಲು. 2, 5, 7, 9 ಈ ನಾಲ್ಕು ಗುಂಡಿ ಮಾತ್ರ ಹಳದಿ! ಅರಿಶಿನದ ಕೈಯಲ್ಲಿ ಒತ್ತಿ ಒತ್ತಿ ಬಣ್ಣ ಕೂತುಬಿಟ್ಟಿತ್ತು. ನಾಲ್ಕು ಅಂಕಿ ಯಾವುದು ಅಂತ ತಿಳಿದ್ರೆ 24 ಥರ ಜೋಡಿಸಬಹುದು ಅಷ್ಟೇ, ಅವಳು ಏಳನೇ ಸಲಕ್ಕೇ ತೆಗೆದ್ಲು. ಈಗ ಆರು ಅಂಕಿ, ಮೂರು ತಿಂಗಳಿಗೊಂದ್ಸಲ ಬದಲಾವಣೆ, ಎಲ್ಲಾ ಗುಂಡಿ ಒರೆಸೋದು. ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದು ಯಾರು ಅಂತ ಮಾತ್ರ ಕೇಳಬೇಡಿ.

ವೈರಿಂಗ್_ಮೇಷ್ಟ್ರು
ಅಮ್ಮಾ, ನಿಮಗೆ ಸಾಷ್ಟಾಂಗ. ಜೊತೆಗೆ ಇನ್‌ಸ್ಟಾಲರ್ ಕೋಡ್ ಅಂತ ಬೇರೆ ಒಂದಿರುತ್ತೆ. ಕಂಪನಿಯಿಂದ ಬಂದದ್ದನ್ನೇ ಬಿಟ್ಟಿರ್ತಾರೆ, ಅದನ್ನೂ ಬದಲಾಯಿಸಿ. ಮತ್ತೆ ಪ್ಯಾನೆಲ್ ಡಬ್ಬವನ್ನ ಬಾಗಿಲ ಪಕ್ಕ ಇಡಲೇಬೇಡಿ. ಬಾಗಿಲಲ್ಲಿ ಬರೀ ಕೀಪ್ಯಾಡ್ ಇರಲಿ. ನಾವು ಒಳಗೆ ಬಂದು ಕೋಡ್ ಒತ್ತೋಕೆ ಅಂತ 30 ಸೆಕೆಂಡ್ ಬಿಟ್ಟಿರ್ತೀವಲ್ಲ, ಆ 30 ಸೆಕೆಂಡಲ್ಲಿ ಡಬ್ಬ ಕೈಗೆ ಸಿಕ್ರೆ ಸುತ್ತಿಗೆ ಏಟಿಗೆ ಕಥೆ ಮುಗೀತು. ಒಳಗಿನ ರೂಮಿನ ವಾರ್ಡ್‌ರೋಬ್ ಮೇಲಿಡಿ, ಆ ರೂಮಿನ ಸೆನ್ಸರ್‌ಗೆ ಕಾಯೋ ಸಮಯ ಸೊನ್ನೆ ಇಡಿ.

ಹಂಚಿನಮನೆ_ತೀರ್ಥಹಳ್ಳಿ
ಪೇಟೆಯವರ ಕಷ್ಟ ನೋಡಿ ಪಾಪ ಅನಿಸ್ತು. ನಮ್ಮಲ್ಲಿಗೆ ಬನ್ನಿ. ಬಾಗಿಲಿಗೆ ಎಷ್ಟು ಮ್ಯಾಗ್ನೆಟ್ ಹಾಕಿದ್ರೂ ಕಳ್ಳ ನಾಲ್ಕು ಹಂಚು ಸರಿಸಿ ಅಟ್ಟಕ್ಕೇ ಇಳೀತಾನೆ. ಅಟ್ಟದಲ್ಲಿ ಸೆನ್ಸರ್ ಇಟ್ರೆ ಬೆಕ್ಕು, ಇಲಿ, ಬಾವಲಿ, ದಿನಾ ಜಾತ್ರೆ. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದ್ರೆ ಉದ್ದ ವೈರ್ ಎಳೆದ ಪ್ಯಾನೆಲ್ ಸಿಡಿಲಿಗೆ ನೈವೇದ್ಯ. ನಮ್ಮದು ಎರಡು ಹೋಯ್ತು. ಮೂರನೇದಕ್ಕೆ ಸರಿಯಾಗಿ ಅರ್ಥಿಂಗ್ ಮಾಡಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿದ ಮೇಲೆ ಉಳ್ಕೊಂಡಿದೆ.

ನಾವು ಮನೆಯನ್ನ ಬಿಟ್ಟೇಬಿಟ್ವಿ. ಚಾಲಿ ಅಡಿಕೆ ಮೂಟೆ ಇಡೋ ಒಂದು ಕೋಣೆಗೆ ಮಾತ್ರ ಗಾರೆ ತಾರಸಿ ಮಾಡಿ, ಒಂದೇ ಬಾಗಿಲು, ಅದರೊಳಗೇ ಪ್ಯಾನೆಲ್, ಒಳಗೊಂದು ಹೂಟರ್. ಒಳಗಿನ ಹೂಟರ್ ಸದ್ದಿಗೆ ಮನುಷ್ಯ ಎರಡು ನಿಮಿಷ ನಿಲ್ಲಕ್ಕಾಗಲ್ಲ, ಕಿವಿ ಹರೀತದೆ.

ವೈರಿಂಗ್_ಮೇಷ್ಟ್ರು
ಇದು ಜಾಣತನ. ಹೊರಗಿನ ಹೂಟರ್ ಕೀಳೋಕೆ ಹೋಗೋನಿಗೆ ಒಳಗೂ ಒಂದಿದೆ ಅಂತ ಗೊತ್ತಿರಲ್ಲ. ಎಲ್ಲರೂ ಎರಡು ಹಾಕಿ.

ಜಾತಿನಾಯಿ_ಪ್ರೇಮಿ
ಇಷ್ಟೆಲ್ಲಾ ಯಾಕೆ? ಮುಧೋಳ ನಾಯಿ ಸಾಕಿ.

ಧಾರವಾಡ_ಫೇಡಾ
ಮುಧೋಳ ನಾಯಿ ಓಡಾಕ ಹೊಲ ಬೇಕ್ರಿ, 30-40 ಸೈಟಿನ್ಯಾಗ ಕಟ್ಟಿದ್ರ ಪಾಪ ಹತ್ತತೈತಿ. ಬೀದಿ ನಾಯಿಗೆ ದಿನಾ ಒಂದು ರೊಟ್ಟಿ ಹಾಕ್ರಿ, ಸಾಕು.

ಜಾತಿನಾಯಿ_ಪ್ರೇಮಿ
ಬೀದಿ ನಾಯಿ ಕಳ್ಳನಿಗೂ ಬಾಲ ಅಲ್ಲಾಡಿಸುತ್ತೆ, ಅವನು ಬಿಸ್ಕತ್ ಹಾಕಿದ್ರೆ.

ಸಂಶಯಪಿಶಾಚಿ
ಬಿಸ್ಕತ್ತೇ ನಾಯಿಯ ಜಂಪರ್ ವೈರ್.

ನಿರ್ವಾಹಕ
ನಾಯಿ ವಿಷಯಕ್ಕೆ ಬೇರೆ ಎಳೆ ಇದೆ, 400 ಉತ್ತರ ದಾಟಿದೆ, ಅಲ್ಲಿಗೆ ಹೋಗಿ ಜಗಳ ಆಡಿ. ಇನ್ನೊಂದು, ಇಂಥ ಸೆನ್ಸರ್ ಹೇಗೆ ಕೆಡಿಸಬಹುದು ಅಂತ ಒಬ್ಬರು ಹಂತ ಹಂತವಾಗಿ ಬರೆದಿದ್ದರು, ಅದನ್ನ ತೆಗೆದಿದ್ದೇನೆ. ಕಳ್ಳರಿಗೂ ಕನ್ನಡ ಬರುತ್ತೆ.

ಟೆಕ್ಕಿ_ಬೆಳ್ಳಂದೂರು
ಸಿಮ್ ವಿಷಯ ಯಾರೂ ಮಾತಾಡಲಿಲ್ಲ. ಆ ಡಯಲರ್ 2ಜಿ ಇರುತ್ತೆ. ಅದಕ್ಕೆ ಜಿಯೋ ಸಿಮ್ ಹಾಕಿ ಕೆಲಸ ಮಾಡ್ತಿಲ್ಲ ಅನ್ನೋರನ್ನ ನೋಡಿದ್ದೀನಿ, ಜಿಯೋಗೆ 2ಜಿ ಇಲ್ಲವೇ ಇಲ್ಲ. ಮತ್ತೆ ಪ್ರೀಪೇಯ್ಡ್ ಸಿಮ್ 90 ದಿನ ಬಳಸದೇ ಬಿಟ್ರೆ ನಂಬರೇ ಹೋಗಬಹುದು. ಹೊಸದು ತಗೊಂಡ್ರೆ 4ಜಿದೇ ತಗೊಳ್ಳಿ.

ಎಂಬೆಡೆಡ್_ಎಮ್ಮೆ
ಅಪರೂಪಕ್ಕೆ ಸರಿಯಾಗಿ ಹೇಳಿದೆ. ಇದಕ್ಕೊಂದು ಉಪಾಯ: ವಾರಕ್ಕೊಂದ್ಸಲ ಪ್ಯಾನೆಲ್ ತಾನಾಗೇ ಫೋನ್ ಮಾಡೋ ಹಾಗೆ ಹೊಂದಿಸಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲ್ ಬರಲಿಲ್ಲ ಅಂದ್ರೆ ಸಿಮ್ಮೋ ಬ್ಯಾಟರಿಯೋ ಏನೋ ಸತ್ತಿದೆ ಅಂತ ಲೆಕ್ಕ. ರೀಚಾರ್ಜ್ ಮಾಡಿಸಿಟ್ರೆ ಸಿಮ್ಮೂ ಜೀವಂತ ಇರುತ್ತೆ.

ಮನೆಮುಂದಿನ_ಮಲ್ಲಿಗೆ
ಮೀಟರ್ ಬೋರ್ಡಿಗೆ ಏನು ಮಾಡೋದು? ಹೊರಗೇ ಇರಬೇಕಲ್ಲ, ರೀಡಿಂಗ್‌ಗೆ ಬರ್ತಾರೆ.

ವೈರಿಂಗ್_ಮೇಷ್ಟ್ರು
ಗ್ರಿಲ್ ಡಬ್ಬ ಮಾಡಿಸಿ ಬೀಗ ಹಾಕಿ, ಮುಂದೆ ಗಾಜು ಇದ್ರೆ ರೀಡಿಂಗ್ ಕಾಣುತ್ತೆ. ಮೀಟರ್ ಸೀಲ್‌ಗೆ ಮಾತ್ರ ಕೈ ಹಾಕಬೇಡಿ. ಆದ್ರೆ ಅದೊಂದನ್ನೇ ನಂಬಬೇಡಿ, ಚಿಲಕ ಮೀಟೋನಿಗೆ ಆ ಬೀಗ ಯಾವ ಲೆಕ್ಕ? ಕರೆಂಟ್ ಹೋದ ತಕ್ಷಣ ಪ್ಯಾನೆಲ್ ಒಂದು ಮೆಸೇಜ್ ಕಳಿಸೋ ಹಾಗೆ ಇಡಿ. ಬೀದಿಗೆಲ್ಲ ಕರೆಂಟ್ ಇದ್ದು ನಿಮ್ಮ ಮನೆಗೆ ಮಾತ್ರ ಹೋಗಿದ್ರೆ ಆಗಲೇ ಎದುರು ಮನೆಗೆ ಫೋನ್ ಹಚ್ಚಿ.

ಬೆಟ್ಟದ_ತಪ್ಪಲು
ಐದು ವಾರ ಆಯ್ತು, ಹೊಸ ಸುದ್ದಿ ಹೇಳೋಣ ಅಂತ ಬಂದೆ.

ಎಲ್ಲಾ ಮೇಷ್ಟ್ರು ಹೇಳಿದ ಹಾಗೇ. ಹೊಸ ಬ್ಯಾಟರಿ, ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ತಾರೀಖು. ರೆಸಿಸ್ಟರ್ ಎಲ್ಲಾ ಸೆನ್ಸರ್ ಒಳಗೆ, ಬೆಂಗಳೂರಿನ ಎಸ್‌ಪಿ ರೋಡಿಂದ ನಾನೇ ತಂದು ಬೆಸುಗೆ ಹಾಕಿದೆ, ಒಂದು ಬೆರಳು ಸುಟ್ಕೊಂಡೆ. ಹೊಸ ಹೂಟರ್ ಎರಡನೇ ಮಹಡಿ ಸಜ್ಜಾ ಕೆಳಗೆ. ಇನ್ನೊಂದು ಒಳಗೆ ಮೆಟ್ಟಿಲ ಸಂದಿಯಲ್ಲಿ. ಪ್ಯಾನೆಲ್ ದೇವರ ಮನೆ ಪಕ್ಕದ ರೂಮಿಗೆ ಹೋಯ್ತು. ಕೆಂಪು ಜಂಪರ್ ವೈರನ್ನ ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದೀನಿ. ಅಪ್ಪ ಅದನ್ನ ನೋಡಿ ಮುಖ ತಿರುಗಿಸ್ತಾರೆ.

ಹೋದ ಮಂಗಳವಾರ ಬೆಳಿಗ್ಗೆ ಆರು ಗಂಟೆ. ನಾನು ಬೆಂಗಳೂರಲ್ಲಿ ಮಲಗಿದ್ದೆ, "ಟ್ಯಾಂಪರ್, ಹೊರಗಿನ ಹೂಟರ್" ಅಂತ ಮೆಸೇಜ್. ಹಿಂದೇನೇ ಎದುರು ಮನೆ ಆಂಟಿ ಫೋನ್: "ಬೇಗ ಯಾರನ್ನಾದ್ರೂ ಕಳಿಸೋ, ನಿಮ್ಮ ಸಜ್ಜಾ ಮೇಲೆ ಯಾರೋ ಇದ್ದಾರೆ!" ಅಂಕಲ್ ಲುಂಗಿ ಎತ್ತಿಕಟ್ಟಿ ಬಡಿಗೆ ಹಿಡಿದು ಗೇಟ್ ಹತ್ರ ನಿಂತಿದ್ದಾರೆ. ಅಪ್ಪ ಹೊರಗೆ ಬಂದು ನೋಡಿದ್ರೆ ಬೆಟ್ಟದಿಂದ ಇಳಿದು ಬಂದ ಮಂಗ, ಹೂಟರ್ ಮುಚ್ಚಳ ಕೈಯಲ್ಲಿ ಹಿಡ್ಕೊಂಡು ನೀರಿನ ಟ್ಯಾಂಕ್ ಮೇಲೆ ಕೂತಿದೆ. ಹೂಟರ್ ಅರಚ್ತಾನೇ ಇದೆ, ಅದು ಅಲ್ಲಾಡ್ತಿಲ್ಲ.

ವೈರಿಂಗ್_ಮೇಷ್ಟ್ರು
ಇದಕ್ಕಿಂತ ಒಳ್ಳೆ ಟೆಸ್ಟಿಂಗ್ ನಾನೂ ಮಾಡಲ್ಲ. ಮುಚ್ಚಳದ ಸ್ಕ್ರೂ ಟೈಟ್ ಮಾಡಿಸು.

ಧಾರವಾಡ_ಫೇಡಾ
ನಮಗ ಹಲ್ಲಿ, ನಿಮಗ ಹನುಮಪ್ಪ 🙏

ಕುಡ್ಲದ_ಮೀನು
ಮುಚ್ಚಳ ವಾಪಸ್ ಕೊಟ್ಟಿತಾ?

ಬೆಟ್ಟದ_ತಪ್ಪಲು
ಬಾಳೆಹಣ್ಣು ಕೊಟ್ಟ ಮೇಲೆ ಬಿಸಾಕಿ ಹೋಯ್ತು. ಅದಲ್ಲ ವಿಷಯ. ಅವತ್ತಿಂದ ಅಪ್ಪ ದಿನಾ ಸಂಜೆ ಫೋನ್ ಮಾಡಿ ಒಂದೇ ರಾಗ: "ಎದುರು ಮನೆ ಮಗು ಎದ್ದುಬಿಡ್ತಂತೆ ಕಣೋ. ಆ ಹೂಟರ್‌ದು ಒಂದು ವೈರ್ ಇತ್ತಲ್ಲ, ಕೆಂಪುದು..."

ವೈರಿಂಗ್_ಮೇಷ್ಟ್ರು
ಮನೆಯ ಸ್ಕ್ರೂಡ್ರೈವರ್ ಎಲ್ಲಾ ಬೆಂಗಳೂರಿಗೆ ತಗೊಂಡು ಹೋಗು.